ಶಾಂಘೈ: ಮೂರು ಸರಹದ್ದುಗಳ ನಡುವಿನ ಊರು

ಸ್ನೇಹಿತರೇ,

ಚೀನಾದ ಹಳೆಯ ಶಾಂಘೈಯನ್ನು ಕಾನೂನಿಲ್ಲದ ಊರು ಎನ್ನುವುದು ರೂಢಿ. ಆದರೆ ಅಲ್ಲಿ ಕಾನೂನುಗಳು ಬೇಕಾದಷ್ಟಿದ್ದವು. ಒಂದರ ಅಧಿಕಾರ ಇನ್ನೊಂದರ ಸರಹದ್ದಿನೊಳಗೆ ನಡೆಯುತ್ತಿರಲಿಲ್ಲ, ಅಷ್ಟೆ. ಅಪರಾಧಿಗಳು ಬದುಕಿದ್ದು ಆ ಸಂದಿನಲ್ಲಿ.

ಬ್ರಿಟನ್ ಜೊತೆಗಿನ 1842ರ ನಾನ್‌ಜಿಂಗ್ ಒಪ್ಪಂದ ವಿದೇಶಿ ವ್ಯಾಪಾರಕ್ಕೆ ತೆರೆಸಿದ ಐದು ಬಂದರುಗಳಲ್ಲಿ ಇದೂ ಒಂದು. 1849ರಲ್ಲಿ ಫ್ರೆಂಚರು ತಮ್ಮ ಪ್ರದೇಶ ಪಡೆದರು. 1863ರಲ್ಲಿ ಬ್ರಿಟಿಷ್ ಮತ್ತು ಅಮೆರಿಕನ್ ಭಾಗಗಳು ಕೂಡಿ, ವಿದೇಶಿಯರೇ ಆಳುವ ಇಂಟರ್‌ನ್ಯಾಷನಲ್ ಸೆಟಲ್‌ಮೆಂಟ್ ಆಯಿತು. ಉಳಿದದ್ದು ಚೀನಾದ ಆಡಳಿತದಲ್ಲಿತ್ತು. ಮೂರು ಆಡಳಿತ, ಮೂರು ಪೊಲೀಸ್ ಪಡೆ. ಊರೆಲ್ಲ ಓಡಾಡಬೇಕಾದ ರಿಕ್ಷಾಕ್ಕೆ ಮೂರು ಪರವಾನಗಿ ಬೇಕಿತ್ತು.

ಮೊಕದ್ದಮೆ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದನ್ನು ಆರೋಪಿಯ ರಾಷ್ಟ್ರೀಯತೆ ನಿರ್ಧರಿಸುತ್ತಿತ್ತು. ಬ್ರಿಟಿಷ್ ಪ್ರಜೆಗೆ 1865ರಲ್ಲಿ ಸ್ಥಾಪನೆಯಾದ ಬ್ರಿಟಿಷ್ ನ್ಯಾಯಾಲಯ, ಅಮೆರಿಕನ್ನನಿಗೆ 1906ರ ನಂತರ ಅವರದೇ ನ್ಯಾಯಾಲಯ, ತಮ್ಮವರ ವಿಚಾರಣೆ ತಾವೇ ನಡೆಸುವ ಹಕ್ಕನ್ನು ಚೀನಾದೊಂದಿಗಿನ ಒಪ್ಪಂದದಲ್ಲಿ ಪಡೆದಿದ್ದ ಉಳಿದ ರಾಷ್ಟ್ರಗಳವರಿಗೆ ಬಹುಮಟ್ಟಿಗೆ ಅವರವರ ಕಾನ್ಸುಲ್, ಅಂದರೆ ಊರಿನಲ್ಲಿದ್ದ ಆ ದೇಶದ ಅಧಿಕೃತ ಪ್ರತಿನಿಧಿ. ಸೆಟಲ್‌ಮೆಂಟಿನ ಚೀನೀಯರಿಗೂ, ಒಪ್ಪಂದದ ರಕ್ಷಣೆಯಿಲ್ಲದ ವಿದೇಶಿಯರಿಗೂ 1864ರಿಂದ ಮಿಶ್ರ ನ್ಯಾಯಾಲಯವಿತ್ತು. ಅಲ್ಲಿ ಚೀನಾದ ನ್ಯಾಯಾಧಿಕಾರಿಯ ಪಕ್ಕದಲ್ಲಿ ವಿದೇಶಿ ಅಧಿಕಾರಿಯೊಬ್ಬ ಕೂರುತ್ತಿದ್ದ. 1920ರಲ್ಲಿ ರಕ್ಷಣೆ ಕಳೆದುಕೊಂಡ ರಷ್ಯನ್ ನಿರಾಶ್ರಿತರೂ ಇದರ ಕೆಳಗೇ ಬಂದರು. ಒಂದೇ ಜೂಜಿನ ಮನೆಯನ್ನು ಬ್ರಿಟಿಷನೂ ಪೋರ್ಚುಗೀಸನೂ ಚೀನೀಯನೂ ಸೇರಿ ನಡೆಸಿದ್ದರೆ ಮೂರು ಕಡೆ ವಿಚಾರಣೆ, ಮೂರು ಕಡೆ ಅದೇ ಸಾಕ್ಷಿಗಳು.

ಬಂಧನ ಹೇಗೆ ಕೈತಪ್ಪುತ್ತಿತ್ತು ನೋಡಿ. ಸೆಟಲ್‌ಮೆಂಟಿನಲ್ಲಿ ಅಡಗಿದ ಕಳ್ಳನನ್ನು ಚೀನಾದ ಅಧಿಕಾರಿ ನೇರವಾಗಿ ಹಿಡಿಯುವಂತಿರಲಿಲ್ಲ. ವಾರಂಟಿಗೆ ಕಾನ್ಸುಲ್ ಸಹಿ ಬೇಕು, ಹಿಡಿಯಲು ಸೆಟಲ್‌ಮೆಂಟ್ ಪೊಲೀಸರೇ ಬೇಕು. ಅಷ್ಟರಲ್ಲಿ ಕಳ್ಳ ಎಡ್ವರ್ಡ್ 7 ಅವೆನ್ಯೂ ದಾಟಿದರಾಯಿತು. ಹಳೆಯ ಕಾಲುವೆಯೊಂದನ್ನು ಮುಚ್ಚಿ ಮಾಡಿದ ಆ ರಸ್ತೆಯ ಉತ್ತರಕ್ಕೆ ಸೆಟಲ್‌ಮೆಂಟ್, ದಕ್ಷಿಣಕ್ಕೆ ಫ್ರೆಂಚರು. ಆಚೆ ಹೋದವನಿಗಾಗಿ ಕಾಗದಪತ್ರ ಮತ್ತೆ ಮೊದಲಿಂದ.

ಅಫೀಮಿನ ದಾರಿಯೂ ಇದೇ. ಮಾಳ್ವದ ಅಫೀಮು ಬೊಂಬಾಯಿಯಿಂದ, ಗಂಗಾ ಬಯಲಿನದು ಕಲ್ಕತ್ತಾದಿಂದ ಬರುತ್ತಿದ್ದುದನ್ನು ಭಾರತೀಯರಾದ ನಾವು ಮರೆಯಬಾರದು. ಸೆಟಲ್‌ಮೆಂಟ್ ಕೌನ್ಸಿಲ್, ಅಂದರೆ ಅಲ್ಲಿನ ಆಡಳಿತ ಮಂಡಳಿ, 1908–09ರಲ್ಲಿ ಚೀಟಿ ಎತ್ತಿ, ಅಫೀಮು ಸೇದುವ ಅಂಗಡಿಗಳನ್ನು ಕಂತುಕಂತಾಗಿ ಮುಚ್ಚಿಸಿತು. 1917ರ ಹೊತ್ತಿಗೆ ಭಾರತದ ಅಫೀಮಿನ ಕಾನೂನುಬದ್ಧ ಆಮದೂ ನಿಂತಿತು. ಬೇಡಿಕೆ ನಿಲ್ಲಲಿಲ್ಲ, ವ್ಯಾಪಾರ ಕಳ್ಳಸಾಗಣೆಯಾಯಿತು, ಸೆಟಲ್‌ಮೆಂಟ್ ಪೊಲೀಸರು ಬಿಗಿ ಮಾಡಿದಾಗ ಫ್ರೆಂಚರ ಕಡೆಗೆ ಸರಿಯಿತು. ಅಲ್ಲಿ ಚೀನೀ ಪತ್ತೇದಾರರ ಮುಖ್ಯಸ್ಥನಾಗಿದ್ದ ಹುವಾಂಗ್ ಜಿನ್‌ರಾಂಗ್, ಗ್ರೀನ್ ಗ್ಯಾಂಗ್ ಎಂಬ ಭೂಗತ ಅಪರಾಧಿ ಕೂಟದ ನಾಯಕರ ಸಾಲಿನಲ್ಲೂ ಇದ್ದ. ಕಳ್ಳರನ್ನು ಹಿಡಿಯಬೇಕಾದವನೇ ಅವರ ಯಜಮಾನ! ಅವನ ಆಶ್ರಯದಲ್ಲಿ ಬೆಳೆದ ಡು ಯುಎಶೆಂಗ್ ಮುಂದೆ ಅವನನ್ನೂ ಮೀರಿಸಿದ. ಕಡಿಮೆ ಸಿಬ್ಬಂದಿಯ ಫ್ರೆಂಚ್ ಆಡಳಿತಕ್ಕೆ ಬೀದಿಗಳಲ್ಲಿ ಶಾಂತಿ ಬೇಕಿತ್ತು, ಗ್ಯಾಂಗಿಗೆ ವ್ಯಾಪಾರ ಬೇಕಿತ್ತು. ಈ ಕೊಡುಕೊಳ್ಳುವಿಕೆಯನ್ನು ಬರೀ ಲಂಚವೆಂದು ತಳ್ಳಿಹಾಕಿದರೆ ಅರ್ಥವಾಗದು; ಆಡಳಿತವೇ ಅದರ ಮೇಲೆ ನಿಂತಿತ್ತು.

ಎಲ್ಲಕ್ಕಿಂತ ಗೋಜಲಿನದು ಪಶ್ಚಿಮದ ಅಂಚು. ಕೌನ್ಸಿಲ್ ತನ್ನ ಗಡಿಯಾಚೆಗೂ ರಸ್ತೆ ಹಾಕಿ, ಅವುಗಳ ಮೇಲೆ ತನ್ನ ಪೊಲೀಸರನ್ನು ನಿಲ್ಲಿಸಿತು. ರಸ್ತೆಯಲ್ಲಿ ಕೌನ್ಸಿಲಿನ ಸಿಖ್ ಪೇದೆ. ಪಕ್ಕದ ಮನೆಯ ಹೊಸ್ತಿಲೊಳಗಿನ ಅಧಿಕಾರ ತನ್ನದೆಂದು ಚೀನಾದ ವಾದ. 1937ರಲ್ಲಿ ಜಪಾನೀಯರು ಚೀನೀ ನಗರವನ್ನು ಹಿಡಿದ ಮೇಲೆ, ಅವರ ನೆರಳಿನಲ್ಲಿ ಇಲ್ಲಿ ಜೂಜಿನ ಮನೆಗಳೂ ಅಫೀಮಿನ ಅಡ್ಡೆಗಳೂ ತುಂಬಿಕೊಂಡವು. ಜಪಾನೀಯರ ಕೈಗೊಂಬೆ ಸರ್ಕಾರದ ಗುಪ್ತ ಪೊಲೀಸರು ಜನರನ್ನು ಹಿಡಿದು ಹಿಂಸಿಸುತ್ತಿದ್ದ ಜೆಸ್‌ಫೀಲ್ಡ್ ರಸ್ತೆಯ 76ನೇ ನಂಬರಿನ ಮನೆಯೂ ಇದೇ ಭಾಗದಲ್ಲಿತ್ತು.