ರಜೆಯಲ್ಲೂ ಒಂಬತ್ತೂವರೆಗೆ ಹಾಸಿಗೆ

ಕೇಳುಗರೆಲ್ಲರಿಗೂ ನಮಸ್ಕಾರ.

ಬೇಸಿಗೆ ರಜೆ ಬಂತೆಂದರೆ ಶಿವಮೊಗ್ಗದ ನಮ್ಮ ಬೀದಿಯಲ್ಲಿ ರಾತ್ರಿ ಹನ್ನೊಂದಾದರೂ ಮಕ್ಕಳ ಗಲಾಟೆ ಕೇಳುತ್ತದೆ. ಒಂದು ಮನೆಯಲ್ಲಿ ಐಪಿಎಲ್ ಮ್ಯಾಚು, ಇನ್ನೊಂದರಲ್ಲಿ ಕೇರಂ, ಮತ್ತೊಂದರಲ್ಲಿ ಮೊಬೈಲು. ಬೆಳಿಗ್ಗೆ ಒಂಬತ್ತಾದರೂ ಯಾರೂ ಎದ್ದಿರುವುದಿಲ್ಲ. "ರಜೆ ಅಲ್ವಾ, ಮಲಗಲಿ ಬಿಡಿ" ಎನ್ನುತ್ತೇವೆ. ನಾನೂ ಹಾಗೇ ಅಂದವಳು.

ಮೂರು ವರ್ಷದ ಹಿಂದಿನ ಮಾತು. ಮಗಳಿಗೆ ಆಗ ಎಂಟು ವರ್ಷ. ರಜೆಯಲ್ಲಿ ಅವಳು ಮಲಗುವ ಹೊತ್ತು ಒಂಬತ್ತರಿಂದ ಹತ್ತಾಯಿತು, ಹತ್ತರಿಂದ ಹನ್ನೊಂದಾಯಿತು. ಮೇ ಕೊನೆಗೆ ಶಾಲೆ ಶುರು. ಹಿಂದಿನ ರಾತ್ರಿ ಒಂಬತ್ತಕ್ಕೇ ಲೈಟ್ ಆರಿಸಿ ಮಲಗಿಸಿದೆ. ಎರಡು ಗಂಟೆ ಹೊರಳಾಡಿದಳು. "ಅಮ್ಮಾ, ಕಣ್ಣು ಮುಚ್ಚಿದ್ರೂ ನಿದ್ದೆ ಬರ್ತಾ ಇಲ್ಲ" ಎಂದು ಅತ್ತಳು. ಗದರಿಬಿಟ್ಟೆ. ಬೆಳಿಗ್ಗೆ ಎಬ್ಬಿಸುವಾಗ ಮತ್ತೆ ಅಳು. ತಿಂಡಿ ಮುಟ್ಟಲಿಲ್ಲ. ಒಂದು ವಾರ ಹೀಗೇ ನಡೆಯಿತು. ಆ ಗದರಿದ್ದು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಅವಳು ಹಟ ಮಾಡುತ್ತಿರಲಿಲ್ಲ. ಅವಳ ಮೈಗೆ ಅದು ಮಲಗುವ ಹೊತ್ತೇ ಆಗಿರಲಿಲ್ಲ.

ನಮ್ಮ ಮೆದುಳಿನಲ್ಲಿ ಒಂದು ಗಡಿಯಾರ ಇದೆ. ಕಣ್ಣಿಗೆ ಬೀಳುವ ಬೆಳಕು ನೋಡಿ ಅದು ಹಗಲು ರಾತ್ರಿಯ ಲೆಕ್ಕ ಇಡುತ್ತದೆ. ಕತ್ತಲಾಗುತ್ತಾ ಬಂದಂತೆ ಮೆಲಟೋನಿನ್ ಎಂಬ ರಸ ಊರುತ್ತದೆ, ಮೈ ನಿದ್ದೆಗೆ ಸಿದ್ಧವಾಗುತ್ತದೆ. ಈ ಗಡಿಯಾರ ಜೀವಕೋಶದ ಒಳಗೆ ಹೇಗೆ ನಡೆಯುತ್ತದೆ ಎಂದು ಕಂಡುಹಿಡಿದ ಮೂವರು ವಿಜ್ಞಾನಿಗಳಿಗೆ 2017ರಲ್ಲಿ ನೊಬೆಲ್ ಬಹುಮಾನವೂ ಬಂತು. ರಾತ್ರಿ ಪ್ರಖರ ಬೆಳಕು, ಬೆಳಿಗ್ಗೆ ಮುಚ್ಚಿದ ಕಿಟಕಿ, ಹೀಗೇ ನಾಲ್ಕು ದಿನ ಕಳೆದರೆ ಗಡಿಯಾರ ಹಿಂದೆ ಬೀಳುತ್ತದೆ. ಹಿಂದೆ ಬೀಳುವುದು ಸುಲಭ. ಮುಂದಕ್ಕೆ ತರುವುದು ನಿಧಾನ. ಒಂದೇ ರಾತ್ರಿಯಲ್ಲಿ ಎರಡು ಗಂಟೆ ಮುಂದಕ್ಕೆ ತಿರುಗಿಸಲು ಅದೇನು ಗೋಡೆ ಗಡಿಯಾರವೇ?

ಆರರಿಂದ ಹನ್ನೆರಡು ವರ್ಷದ ಮಕ್ಕಳಿಗೆ ದಿನಕ್ಕೆ 9ರಿಂದ 12 ಗಂಟೆ ನಿದ್ದೆ ಬೇಕು ಎನ್ನುತ್ತಾರೆ ನಿದ್ರಾ ತಜ್ಞರು. ಮೂರರಿಂದ ಐದು ವರ್ಷದವರಿಗೆ, ಹಗಲಿನ ನಿದ್ದೆಯೂ ಸೇರಿ, 10ರಿಂದ 13 ಗಂಟೆ. ತಡವಾಗಿ ಮಲಗಿ ತಡವಾಗಿ ಎದ್ದರೆ ಲೆಕ್ಕ ಸರಿಹೋಯಿತಲ್ಲ ಅಂತ ನಾನೂ ಅಂದುಕೊಂಡಿದ್ದೆ. ಲೆಕ್ಕವೇನೋ ಸರಿ. ಆದರೆ ಮೈಯ ಗಡಿಯಾರ ಅಷ್ಟರಲ್ಲಿ ಜಾರಿರುತ್ತದಲ್ಲ, ಅದರ ಬೆಲೆಯನ್ನು ಮಕ್ಕಳು ಜೂನ್ ತಿಂಗಳಲ್ಲಿ ಕೊಡುತ್ತಾರೆ.

ಮಾರನೇ ವರ್ಷ ಮಕ್ಕಳಿಬ್ಬರನ್ನೂ ತೀರ್ಥಹಳ್ಳಿ ಕಡೆಯ ತವರಿಗೆ ಕಳಿಸಿದೆ. ಅಮ್ಮನ ಹತ್ತಿರ ಮಲಗುವ ಹೊತ್ತಿನ ಮಾತೆತ್ತಿದೆ. "ರಜೆಯಲ್ಲಾದ್ರೂ ಮಕ್ಳನ್ನ ಅವ್ರ ಪಾಡಿಗೆ ಬಿಡೇ ಮಾರಾಯ್ತಿ" ಅಂದರು. ಬಿಟ್ಟೆ. ವಾರ ಕಳೆದು ಹೋಗಿ ನೋಡಿದರೆ, ರಾತ್ರಿ ಒಂಬತ್ತೂವರೆಗೆ ಮೊಮ್ಮಕ್ಕಳೆಲ್ಲ ಮಲಗಿಯಾಗಿತ್ತು!

ಅಲ್ಲಿ ಯಾರೂ ಮಕ್ಕಳಿಗೆ "ಮಲಗಿ" ಅಂತ ಕೂಗುತ್ತಿರಲಿಲ್ಲ. ಸಂಜೆಯಾದರೆ ತೋಟದಲ್ಲಿ ಆಡಿ ಮಣ್ಣಾದ ಮಕ್ಕಳನ್ನು ಬಚ್ಚಲಿಗೆ ಅಟ್ಟುತ್ತಿದ್ದರು. ಒಲೆಗೆ ಅಡಿಕೆ ಸಿಪ್ಪೆ ತುರುಕಿ ಕಾಯಿಸಿದ ಹಂಡೆ ನೀರು. ಬಿಸಿನೀರು ಮಿಂದು ಗಂಟೆ ಕಳೆಯುವಷ್ಟರಲ್ಲಿ ಮೈಯ ಒಳಗಿನ ಬಿಸಿ ಇಳಿಯುತ್ತದೆ, ಆಗ ನಿದ್ದೆ ಬೇಗ ಹತ್ತುತ್ತದೆ. ಇದನ್ನು ಈಚೆಗೆ ವಿಜ್ಞಾನಿಗಳೂ ಹೇಳಿದ್ದಾರೆ. ಸಂಜೆ ಕಾಫಿ ಇಲ್ಲ, ಕೊತ್ತಂಬರಿ ಜೀರಿಗೆಯ ಕಷಾಯ. ಎಂಟು ಗಂಟೆಗೆ ಊಟ. ಊಟವಾದ ಮೇಲೆ ಜಗಲಿಯ ದೊಡ್ಡ ಲೈಟು ಆರುತ್ತಿತ್ತು. ನಡುಮನೆಯಲ್ಲಿ ಸಾಲಾಗಿ ಹಾಸಿಗೆ, ಅಜ್ಜಿಯ ಪಕ್ಕ ಯಾರು ಅಂತ ಜಗಳ, ಆಮೇಲೆ ಒಂದು ಕಥೆ. ಕಥೆ ಮುಗಿಯುವವರೆಗೆ ಎಚ್ಚರ ಇದ್ದವರು ಕಡಿಮೆ. ಬೆಳಿಗ್ಗೆ ಆರೂವರೆಗೆ ಕೊಟ್ಟಿಗೆಯ ಸದ್ದಿಗೇ ಎದ್ದು ಅಂಗಳಕ್ಕೆ ಬರುತ್ತಿದ್ದರು. ಅಂಗಳದ ಆ ಬೆಳಗಿನ ಬೆಳಕೇ ಆ ದಿನದ ರಾತ್ರಿಯ ನಿದ್ದೆಯನ್ನು ಸರಿಯಾದ ಹೊತ್ತಿಗೆ ಕರೆತರುತ್ತದೆ.

ಅದನ್ನು ನೋಡಿದ ಮೇಲೆ ನನಗೆ ಅರ್ಥವಾಯಿತು. ಮಕ್ಕಳನ್ನು ಮಲಗಿಸುವ ಮೊದಲು ಮನೆಯೇ ಮಲಗುವುದಕ್ಕೆ ಸಿದ್ಧವಾಗಬೇಕು. ದೊಡ್ಡವರು ಟಿವಿ ಜೋರಾಗಿ ಹಾಕಿಕೊಂಡು ಮಕ್ಕಳಿಗೆ ಮಾತ್ರ ಕೋಣೆ ತೋರಿಸಿದರೆ ಅವಕ್ಕೆ ಬೇಜಾರಾಗದೆ ಇರುತ್ತದೆಯೇ? ನಮ್ಮ ಮನೆಯಲ್ಲಿ ಈಗ ಎಂಟೂವರೆಗೆ ಎಲ್ಲರ ಮೊಬೈಲೂ ಅಡುಗೆಮನೆಯ ಕಪಾಟಿಗೆ ಹೋಗುತ್ತದೆ, ನನ್ನದೂ ಸೇರಿ. ಮ್ಯಾಚ್ ಇದ್ದ ದಿನ ಸ್ವಲ್ಪ ಕಷ್ಟ. ಏಳೂವರೆಗೆ ಶುರುವಾಗುವ ಆಟ ಮುಗಿಯುವಾಗ ಹನ್ನೊಂದು ದಾಟಿರುತ್ತದೆ. ಮೊದಲ ಇನ್ನಿಂಗ್ಸ್ ನೋಡುವುದು, ಫಲಿತಾಂಶ ಬೆಳಿಗ್ಗೆ ಪೇಪರಿನಲ್ಲಿ. ಮಗ ಎರಡು ದಿನ ಮುನಿಸಿಕೊಂಡ. ಈಗ ಆರೂವರೆಗೇ ಎದ್ದು ಪೇಪರಿಗೆ ಕಾಯುತ್ತಾನೆ.

ಹಾಗಂತ ಯಕ್ಷಗಾನಕ್ಕೆ ಕರೆದುಕೊಂಡು ಹೋಗಬೇಡಿ ಅಂತ ನಾನು ಖಂಡಿತ ಹೇಳುವುದಿಲ್ಲ. ಚಂಡೆಯ ಸದ್ದು ಕೇಳುತ್ತಾ ಎಚ್ಚರವಾಗಿದ್ದ ಒಂದು ರಾತ್ರಿ ಮಗುವಿಗೆ ಜೀವನಪೂರ್ತಿ ಉಳಿಯುತ್ತದೆ. ಮದುವೆ, ಜಾತ್ರೆಯೂ ಹಾಗೇ. ಅಂಥ ದಿನ ಮಧ್ಯಾಹ್ನವೇ ಸ್ವಲ್ಪ ಮಲಗಿಸಿ. ಮಾರನೇ ದಿನ ಒಂದು ಗಂಟೆ ಜಾಸ್ತಿ ಮಲಗಲಿ, ಅದಕ್ಕಿಂತ ಹೆಚ್ಚು ಬೇಡ. ಏಳುವ ಹೊತ್ತು ಗಟ್ಟಿಯಾಗಿದ್ದರೆ ಮಲಗುವ ಹೊತ್ತು ಎರಡೇ ದಿನದಲ್ಲಿ ತಾನಾಗಿ ಸರಿಹೋಗುತ್ತದೆ.

ಹೈಸ್ಕೂಲು ಮಕ್ಕಳ ವಿಷಯ ಬೇರೆ. ಆ ವಯಸ್ಸಿನಲ್ಲಿ ಮೈಯ ಗಡಿಯಾರವೇ ತಡವಾಗಿ ಓಡುತ್ತದೆ. ಅದು ಸೋಮಾರಿತನ ಅಲ್ಲ. ಅವರಿಗೆ ಒಂದು ಗಂಟೆ ಸಡಿಲ ಕೊಡಿ, ಆದರೆ ಮೊಬೈಲ್ ಹಾಸಿಗೆಗೆ ಬರಬಾರದು. ಅವರಿಗೂ 8ರಿಂದ 10 ಗಂಟೆ ನಿದ್ದೆ ಬೇಕೇ ಬೇಕು.

ಈಗಾಗಲೇ ಹೊತ್ತು ತಪ್ಪಿದೆಯೇ? ಗಾಬರಿ ಬೇಡ. ಮಗು ಹನ್ನೊಂದಕ್ಕೆ ಮಲಗುತ್ತಿದ್ದರೆ, ಎರಡು ದಿನಕ್ಕೊಮ್ಮೆ ಕಾಲು ಗಂಟೆ ಬೇಗ ಮಲಗಿಸುತ್ತಾ ಬನ್ನಿ. ಬೆಳಿಗ್ಗೆಯೂ ಅಷ್ಟೇ ಬೇಗ ಏಳಿಸಿ, ಎದ್ದ ಕೂಡಲೇ ಹೊರಗಿನ ಬೆಳಕಿಗೆ ಕರೆದುಕೊಂಡು ಬನ್ನಿ. ಒಂಬತ್ತಕ್ಕೆ ಬರಲು 16 ದಿನ ಸಾಕು. ಮೇ ಕೊನೆಗೆ ಶಾಲೆ ಶುರು ಅಂತಾದರೆ, ಮೇ 12ರ ಹೊತ್ತಿಗೆ ಶುರುಮಾಡಿ. ಆ ರಾತ್ರಿ ಹತ್ತೂ ಮುಕ್ಕಾಲಿಗೆ ಮಗುವಿನ ಪಕ್ಕ ಕೂತು ಒಂದು ಕಥೆ ಹೇಳಿ.

ನಮಸ್ಕಾರ.