ಮೊದಲು ಬಿಟ್, ಆಮೇಲೆ ಗೆರೆ

ಎಲ್ಲರಿಗೂ ನಮಸ್ಕಾರ. ಕಂಪ್ಯೂಟರ್ ಫೈಲ್ ಓದಿ ಮರ ಕೊರೆಯುವ ರೂಟರ್ ಯಂತ್ರ ನಡೆಸುವವರೂ ಅವರಿಗೆ ಡಿಸೈನ್ ಮಾಡಿಕೊಡುವವರೂ ಒಟ್ಟಿಗೇ ಕೂತಿದ್ದೀರಿ, ಪೀಠಿಕೆ ಬೇಡ. ಫ್ಲೆಕ್ಸಿಗೆ ಮಾಡಿದ ಫೈಲನ್ನೇ ಮರ ಕೊರೆಯಲೂ ಕಳಿಸುವುದು ನಿಲ್ಲಬೇಕು. ಮುದ್ರಣಕ್ಕೆ ಬಣ್ಣ ತುಂಬಿದ ಆಕಾರ ಸಾಕು. ರೂಟರ್‌ಗೆ ಬೇಕಾದದ್ದು ಗೆರೆ, ಆ ಗೆರೆ ಹಿಡಿದು ಓಡುವ ಬಿಟ್‌ಗೆ, ಅಂದರೆ ತಿರುಗುತ್ತಾ ಕೊರೆಯುವ ಅಲಗಿಗೆ, ದಪ್ಪವಿದೆ. ಆದ್ದರಿಂದ ಮೊದಲು ಬಿಟ್ ಗೊತ್ತುಮಾಡಿ, ಆಮೇಲೆ ಗೆರೆ ಎಳೆಯಿರಿ. ಈ ಮಾತನ್ನು ಇವತ್ತು ಮತ್ತೆ ಮತ್ತೆ ಹೇಳುತ್ತೇನೆ, ಬೇಸರಪಡಬೇಡಿ.

ಮನೆಯ ನಾಮಫಲಕವನ್ನೇ ತೆಗೆದುಕೊಳ್ಳೋಣ. 600 ಮಿ.ಮೀ. ಉದ್ದದ ತೇಗದ ಹಲಗೆ, ಮೇಲೆ ‘ಶ್ರೀ ನಿಲಯ’. ಚಿತ್ರ ಬಿಡಿಸುವ ಸಾಫ್ಟ್‌ವೇರ್ ಇಂಕ್‌ಸ್ಕೇಪಿನಲ್ಲಿ ಟೈಪ್ ಮಾಡಿ ‘ಆಬ್ಜೆಕ್ಟ್ ಟು ಪಾತ್’ ಒತ್ತಿ ಅಕ್ಷರವನ್ನು ಗೆರೆಯಾಗಿಸುತ್ತೀರಿ. ಪರದೆಯ ಮೇಲೆ ಶ್ರೀ ಅಂದವಾಗಿಯೇ ಇರುತ್ತದೆ. ಈಗ ಅಂಚಿನ ಗೆರೆಯಷ್ಟೇ ಕಾಣುವ ಔಟ್‌ಲೈನ್ ನೋಟಕ್ಕೆ ಬದಲಿಸಿ. ಶಿ ಒಂದು ತುಂಡು, ದೀರ್ಘ ಇನ್ನೊಂದು, ಕೆಳಗಿನ ಒತ್ತು ಮತ್ತೊಂದು. ಒಂದರ ಮೇಲೊಂದು ಹತ್ತಿಕೊಂಡಿರುತ್ತವೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಅಕ್ಷರವನ್ನು ತುಂಡು ಜೋಡಿಸಿಯೇ ಕಟ್ಟುವುದರಿಂದ ಇದು ಇನ್ನೂ ಹೆಚ್ಚು. ಹೀಗೇ ಕಳಿಸಿದರೆ ಏನಾಗುತ್ತದೆ? ಎರಡು ಆಕಾರ ಹಾಯುವ ಜಾಗವನ್ನು ಎಷ್ಟೋ ಸಾಫ್ಟ್‌ವೇರ್‌ಗಳು ‘ಹೊರಗಿನದು’ ಎಂದು ಲೆಕ್ಕ ಹಾಕುತ್ತವೆ. ಅಕ್ಷರ ಕೊರೆದಾಗ ಆ ಜಾಗದಲ್ಲಿ ಮರದ ಚೂರೊಂದು ಹಾಗೇ ನಿಲ್ಲುತ್ತದೆ. ಗುಂಪು ಬಿಡಿಸಿ, ಆ ಅಕ್ಷರದ ತುಂಡುಗಳನ್ನಷ್ಟೇ ಆರಿಸಿ ‘ಯೂನಿಯನ್’ ಕೊಟ್ಟು ಒಂದೇ ಆಕಾರವಾಗಿ ಬೆಸೆಯಿರಿ, ಮತ್ತೆ ಔಟ್‌ಲೈನ್ ನೋಡಿ. ಇಂಗ್ಲಿಷ್ ಅಕ್ಷರಗಳಿಗೆ ಒತ್ತಿಲ್ಲ, ಗುಡಿಸಿಲ್ಲ. ಅದಕ್ಕೇ ಇಂಗ್ಲಿಷ್ ವಿಡಿಯೊ ನೋಡಿ ಕಲಿತವರು ಇಲ್ಲಿ ಎಡವುವುದು.

ಇನ್ನು ನಿಲಯ. ಅಕ್ಷರ ಉಬ್ಬಿ ನಿಲ್ಲಬೇಕು, ಸುತ್ತಲ ಮರ ತಗ್ಗಬೇಕು ಎನ್ನಿ. ‘ನಿ’ಗೂ ‘ಲ’ಗೂ ನಡುವೆ ಎರಡು ಮಿ.ಮೀ. ಸಂದು ಬಿಟ್ಟಿದ್ದೀರಿ, ಬಿಟ್ 3 ಮಿ.ಮೀ. ಬಿಟ್ ಆ ಸಂದಿಗೆ ಇಳಿಯುವುದೇ ಇಲ್ಲ, ಅಕ್ಷರಗಳು ಅಂಟಿಕೊಂಡೇ ಉಳಿಯುತ್ತವೆ. ಸಂದನ್ನು ಮೂರೂವರೆಗೆ ಅಗಲಿಸಿ. ಅಕ್ಷರವನ್ನೇ ತಗ್ಗಿಸುವುದಾದರೆ ಪೆಟ್ಟು ಇನ್ನೊಂದು ಕಡೆ. ಹಲಗೆಯ ಎಳೆ ಉದ್ದಕ್ಕೆ ಓಡುತ್ತದೆ. ಎರಡು ಅಕ್ಷರದ ನಡುವೆ ನೆಟ್ಟಗೆ ಉಳಿದ ಒಂದು ಮಿ.ಮೀ. ಗೋಡೆಯಲ್ಲಿ ಎಳೆಯ ಉದ್ದವೂ ಒಂದೇ ಮಿ.ಮೀ. ಅದು ಸಿಡಿದು ಹೋಗುತ್ತದೆ. ಒಳಮೂಲೆಗಳೂ ಅಷ್ಟೆ: 6 ಮಿ.ಮೀ. ಬಿಟ್ ಎಂಥ ಚೂಪು ಮೂಲೆಯನ್ನೂ 3 ಮಿ.ಮೀ. ತ್ರಿಜ್ಯಕ್ಕೆ ದುಂಡಗೆ ಮಾಡುತ್ತದೆ. ಅದಕ್ಕೇ ಹೇಳುವುದು, ಮೊದಲು ಬಿಟ್.

ತುದಿ ‘V’ ಆಕಾರದಲ್ಲಿ ಚೂಪಾಗಿರುವ ವಿ-ಬಿಟ್ ಹಾಕಿದರೆ ಮೂಲೆ ಚೂಪಾಗಿ ಬರುತ್ತದೆ, ನಿಜ. ಆದರೆ ಅಲ್ಲಿ ಆಳವನ್ನು ಗೊತ್ತುಮಾಡುವುದು ಅಕ್ಷರದ ಗೆರೆಯ ಅಗಲ. 90 ಡಿಗ್ರಿ ಬಿಟ್‌ಗೆ ಅಗಲದ ಅರ್ಧ ಆಳ. 60 ಡಿಗ್ರಿಗೆ ಅಗಲವನ್ನು 0.87ರಿಂದ ಗುಣಿಸಿ. ಎಂಟು ಮಿ.ಮೀ. ಅಗಲದ ಗೆರೆ ಸುಮಾರು ಏಳು ಮಿ.ಮೀ. ಇಳಿಯುತ್ತದೆ. ದಪ್ಪ ಫಾಂಟ್ ಚೆಂದವೆಂದು 16 ಮಿ.ಮೀ. ಮಾಡಿದಿರೋ, ಸುಮಾರು 14 ಮಿ.ಮೀ. ಬೇಕು. ಹಲಗೆ 12 ಮಿ.ಮೀ. ಇದ್ದರೆ ಬಿಟ್ ಹಲಗೆ ತೂರಿ ಯಂತ್ರದ ಬೆಡ್ ಮುಟ್ಟುತ್ತದೆ. ಆಳಕ್ಕೆ ಮಿತಿ ಹಾಕಬಹುದು, ಆಗ ತಳ ಸಪಾಟಾಗುತ್ತದೆ, ಅದನ್ನು ತೆರವು ಮಾಡಲು ಎಂಡ್ ಮಿಲ್, ಅಂದರೆ ಸಪಾಟು ತುದಿಯ ಬಿಟ್, ಬೇಕು.

ಸಮಯ ಮುಗಿಯಿತೆಂದು ಚೀಟಿ ಬಂದಿದೆ. ಉಳಿದದ್ದನ್ನು ಓಡಿಸುತ್ತೇನೆ.

ಫೋಟೊವನ್ನು ‘ಟ್ರೇಸ್’ ಕೊಟ್ಟು ತಾನಾಗಿ ಗೆರೆಯಾಗಿಸಿದರೆ ಸಾವಿರಾರು ನೋಡ್, ಅಂದರೆ ಗೆರೆಯನ್ನು ಹಿಡಿದಿಡುವ ಬಿಂದುಗಳು, ಬರುತ್ತವೆ, ಯಂತ್ರ ತಡವರಿಸಿ ಅಂಚು ಒರಟಾಗುತ್ತದೆ. ನೋಡ್ ಕಡಿಮೆ ಮಾಡುವ ‘ಸಿಂಪ್ಲಿಫೈ’ ಹೆಚ್ಚಾದರೆ ಮೂಲೆಗಳೇ ಕರಗುತ್ತವೆ. ದೊಡ್ಡ ತಿರುವುಗಳಿಗೆ ಕೈಯಾರೆ ನೋಡ್ ಇಡುವುದೇ ಒಳ್ಳೆಯದು. ಗೆರೆಯ ತುದಿ ಕೂಡದೆ ತೆರೆದಿದ್ದರೆ ಪಾಕೆಟ್, ಅಂದರೆ ಗೆರೆಯೊಳಗೆ ಕೊರೆಯುವ ತಗ್ಗು, ಲೆಕ್ಕವೇ ಆಗುವುದಿಲ್ಲ. ಒಂದರ ಮೇಲೊಂದು ಜೋಡಿ ಗೆರೆ ಇದ್ದರೆ ಅದೇ ದಾರಿಯಲ್ಲಿ ಎರಡು ಸಲ ಓಡಿ ಮರ ಸುಡುತ್ತದೆ.

ಅಳತೆ: ಇಂಕ್‌ಸ್ಕೇಪಿನ 0.92 ಆವೃತ್ತಿಯಿಂದ ಇಂಚಿಗೆ 90 ಪಿಕ್ಸೆಲ್ ಇದ್ದದ್ದು 96 ಆಯಿತು. ಹಳೆಯ ಫೈಲನ್ನು ಹೊಸ ಲೆಕ್ಕದಲ್ಲಿ ತೆರೆದರೆ 600 ಮಿ.ಮೀ. ಹಲಗೆ 562.5ಕ್ಕೆ ಕುಗ್ಗಬಹುದು. ಪಕ್ಕದಲ್ಲಿ 100 ಮಿ.ಮೀ. ಚೌಕವೊಂದನ್ನು ಬಿಡಿಸಿಡಿ, ಟೂಲ್‌ಪಾತ್ (ಬಿಟ್ ಓಡುವ ದಾರಿ) ಮಾಡುವ ಮುಂಚೆ ಅದನ್ನು ಅಳೆಯಿರಿ, ಆಮೇಲೆ ಅಳಿಸಿ.

ಕೊನೆಗೆ, ಪರೀಕ್ಷೆಗೆ ಅದೇ ಮರದ ತುಂಡನ್ನೇ ಹಾಕಿ, ‘ಶ್ರೀ’ ಒಂದನ್ನೇ ಕೊರೆಯಿರಿ. ಮರದ ನಾರನ್ನು ಅಂಟಿನಲ್ಲಿ ಒತ್ತಿ ಮಾಡಿದ ಎಂಡಿಎಫ್ ಹಲಗೆಗೆ ಎಳೆ ಇಲ್ಲ. ಅದರಲ್ಲಿ ನಿಂತ ಗೋಡೆ ತೇಗದಲ್ಲೂ ನಿಲ್ಲುತ್ತದೆಂದು ನಂಬಬೇಡಿ. ಫೈಲ್ ತಂದವರು ಮುಂದೆ ಬನ್ನಿ, ಔಟ್‌ಲೈನ್ ನೋಟದಲ್ಲಿ ತೆರೆದು ನೋಡೋಣ.