ಸ್ಯಾಂಪಲ್ ಬೇಕಾ? ದುಡ್ಡು ಹಾಕಿ

ನಮಸ್ಕಾರ. ಹೋದ ವಾರದ ವಿಡಿಯೋ ಕೆಳಗೆ ಬಂದಿರೋ ಒಂದು ಕಾಮೆಂಟ್ ಓದ್ತೀನಿ, ಕೇಳಿ. "ಡಿಸೈನರ್‌ನ ತಗೊಳೋ ಮುಂಚೆ ನಾವು ಒಂದು ಸಣ್ಣ ಟಾಸ್ಕ್ ಕೊಡ್ತೀವಿ. ಅದಕ್ಕೂ ದುಡ್ಡು ಕೇಳೋರಿಗೆ ಕೆಲಸದ ಮೇಲೆ ಪ್ರೀತಿ ಇಲ್ಲ."

ಪ್ರೀತಿಯಂತೆ! ಬೆಂಗಳೂರಲ್ಲಿ ಯಾವ ಓನರ್ ಬಾಡಿಗೆ ಬದಲು ಪ್ರೀತಿ ಇಸ್ಕೊಳ್ತಾರೆ ಹೇಳಿ. ಇವತ್ತು ನಾನು ಹೇಳೋದು ಒಂದೇ ಮಾತು. ಡಿಸೈನರ್ ಕೈ ಹೇಗಿದೆ ಅಂತ ನೋಡಬೇಕಾ? ಹಳೇ ಕೆಲಸಗಳ ಪೋರ್ಟ್‌ಫೋಲಿಯೋ ಇದೆ, ಎಷ್ಟು ಹೊತ್ತು ಬೇಕಾದ್ರೂ ನೋಡಿ. ನಿಮಗೋಸ್ಕರ ಹೊಸದಾಗಿ ಮಾಡಬೇಕಾ? ದುಡ್ಡು ಕೊಡಿ.

ಆ "ಸಣ್ಣ ಟಾಸ್ಕ್" ಅಂದ್ರೆ ಏನು ಗೊತ್ತಾ? ಶುಕ್ರವಾರ ಸಂಜೆ ಮೇಲ್ ಬರುತ್ತೆ. ನಮ್ಮ ಆಪ್‌ನಲ್ಲಿ ಸೈನ್‌ಅಪ್‌ನಿಂದ ಪೇಮೆಂಟ್‌ವರೆಗೆ ರೀಡಿಸೈನ್ ಮಾಡಿ, ಡಿಸೈನ್ ಸಾಫ್ಟ್‌ವೇರ್ ಫಿಗ್ಮಾದ ಫೈಲ್ ಕಳಿಸಿ, ಒತ್ತಿ ನೋಡೋ ಹಾಗೆ ಪ್ರೊಟೊಟೈಪ್ ಇರ್ಲಿ, ಸೋಮವಾರ ಬೆಳಗ್ಗೆ ಬೇಕು. ಇದನ್ನ ಮಾಡೋಕೆ ಮೊದಲು ಈಗಿರೋ ಆಪ್ ಪೂರ್ತಿ ಬಳಸಿ, ಜನ ಎಲ್ಲೆಲ್ಲಿ ಸಿಕ್ಕಿಹಾಕ್ಕೊಳ್ತಾರೆ ಅಂತ ಬರೆದಿಟ್ಕೋಬೇಕು. ಅದೇ ಧಂದೆಯ ಮೂರ್ನಾಲ್ಕು ಆಪ್ ನೋಡಬೇಕು. ವೈರ್‌ಫ್ರೇಮ್, ಅಂದ್ರೆ ಸ್ಕ್ರೀನಿನ ಕಚ್ಚಾ ನಕ್ಷೆ, ಹಾಕಬೇಕು. ಆಮೇಲೆ ಸ್ಕ್ರೀನುಗಳು. ಎಂಟು ಸ್ಕ್ರೀನ್ ಅಂತ ಹೇಳ್ತಾರಲ್ಲ, ಅದು ಎಂಟಕ್ಕೆ ನಿಲ್ಲಲ್ಲ. ಒಟಿಪಿ ಬರದಿದ್ರೆ ಏನು ಕಾಣಬೇಕು? ಯುಪಿಐನಲ್ಲಿ ದುಡ್ಡು ಕಟ್ಟಾಗಿ ಆರ್ಡರ್ ಬೀಳದಿದ್ರೆ? ನೆಟ್ ಹೋದ್ರೆ? ಒಂದೊಂದು ಸ್ಥಿತಿಗೂ ಒಂದೊಂದು ಸ್ಕ್ರೀನ್ ಬೇಕು. ಕೊನೆಗೆ ಪ್ರೊಟೊಟೈಪ್ ಜೋಡಿಸಿ, ಯಾಕೆ ಹೀಗೆ ಮಾಡಿದ್ದು ಅಂತ ಹತ್ತು ಸ್ಲೈಡು. ಚೊಕ್ಕವಾಗಿ ಮಾಡೋರಿಗೆ 15ರಿಂದ 20 ಗಂಟೆ ಹಿಡಿಯೋ ಕೆಲಸ. ಶನಿವಾರ, ಭಾನುವಾರ ಎರಡೂ ಹೋಯ್ತು.

ಇನ್ನೊಂದು ಗಮನಿಸಿ. ಟಾಸ್ಕು ಯಾವುದರ ಮೇಲೆ? ಅವರದೇ ಆಪ್, ಅವರಿಗೆ ಈಗ ತಲೆನೋವಾಗಿರೋ ಜಾಗವೇ. ಕೈ ಪರೀಕ್ಷೆ ಮಾಡೋದೇ ಉದ್ದೇಶ ಆಗಿದ್ರೆ ಕಂಪನಿಗೆ ಸಂಬಂಧವೇ ಇಲ್ಲದ್ದು ಕೊಡ್ತಿದ್ರು. ಬಸ್ ಪಾಸ್ ತಗೊಳೋ ಯಂತ್ರಕ್ಕೆ ಒಂದು ಸ್ಕ್ರೀನ್ ಹಾಕು ಅಂತ ಆಫೀಸಲ್ಲೇ ಕೂರಿಸಿ, ಒಂದು ಗಂಟೆ ಕೊಟ್ಟು, ಯೋಚನೆ ಮಾಡೋ ರೀತಿ ನೋಡ್ತಿದ್ರು. ಹಾಗೆ ಮಾಡೋ ಒಳ್ಳೆ ಕಂಪನಿಗಳೂ ಇವೆ, ಅವರಿಗೆ ನನ್ನ ನಮಸ್ಕಾರ. ಹತ್ತು ಜನರ ಹತ್ರ ಹತ್ತು ಪರಿಹಾರ ತರಿಸ್ಕೊಂಡು, ಒಬ್ಬರನ್ನೂ ತಗೊಳ್ಳದೆ ಸುಮ್ಮನಾಗೋದು ಪರೀಕ್ಷೆ ಅಲ್ಲ ಸ್ವಾಮಿ, ಬಿಟ್ಟಿ ಚಾಕರಿ. ಹೊಸದು ಬೇಕಾ, ದುಡ್ಡು ಕೊಡಿ!

ಕನ್ನಡದ ಕೆಲಸಕ್ಕಂತೂ ಇನ್ನೂ ಸಸಾರ. ಕನ್ನಡ ಭಾಷಾ ಕಾಯ್ದೆಗೆ 2024ರ ತಿದ್ದುಪಡಿ ಆದ್ಮೇಲೆ ನಾಮಫಲಕದಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕಲ್ಲ, ಈಗ ಎಲ್ಲರಿಗೂ ಕನ್ನಡ ಲೋಗೋ ಬೇಕು. "ಇಂಗ್ಲಿಷ್ ಇದೆಯಲ್ಲ, ಕನ್ನಡದಲ್ಲೂ ಒಂದು ಸ್ಯಾಂಪಲ್ ಹಾಕಿ ತೋರಿಸಿ." ಹಾಕೋದು ಅಂದ್ರೆ ಟೈಪ್ ಮಾಡೋದು ಅಂದ್ಕೊಂಡಿದ್ದಾರೆ. "ರಾಷ್ಟ್ರೀಯ" ಅಂತ ಬರೆದು ನೋಡಿ. ಎರಡೆರಡು ಒತ್ತು, ಮೇಲೊಂದು ದೀರ್ಘ. ಇಂಗ್ಲಿಷ್ ಅಕ್ಷರದ ಎತ್ತರಕ್ಕೆ ಸಮ ಮಾಡೋಕೆ ಹೋದ್ರೆ ಒತ್ತು ಬೋರ್ಡಿನ ಅಂಚಿಗೆ ತಾಗುತ್ತೆ, ಚಿಕ್ಕದು ಮಾಡಿದ್ರೆ ರಸ್ತೆಯ ಆ ಕಡೆಯಿಂದ ಬರೀ ಮಸಿಯ ಮುದ್ದೆ. ಹಳೇ ಫೋಟೋಶಾಪ್‌ನಲ್ಲಿ ಭಾರತೀಯ ಲಿಪಿಯ ಟೆಕ್ಸ್ಟ್ ಎಂಜಿನ್ ಆನ್ ಮಾಡಿಲ್ಲ ಅಂದ್ರೆ ಒತ್ತು ಕಳಚಿಕೊಂಡು ಪಕ್ಕದಲ್ಲಿ ನಿಲ್ಲುತ್ತೆ. ಕ್ಲೈಂಟ್ ಹಳೇ ನುಡಿ ತಂತ್ರಾಂಶದಲ್ಲಿ ಟೈಪ್ ಮಾಡಿ ಕಳಿಸಿದ್ರೆ ಮೊದಲು ಯೂನಿಕೋಡ್‌ಗೆ ಪರಿವರ್ತಿಸಿ, ಒಂದೊಂದು ಪದ ತಿದ್ದಬೇಕು. ಕೊನೆಗೆ ಅಕ್ಷರವನ್ನ ಔಟ್‌ಲೈನ್ ಮಾಡಿ, ಅಂದ್ರೆ ಬರೀ ಆಕಾರವಾಗಿ ಬದಲಿಸಿ, ಒತ್ತನ್ನ ಕೈಯಲ್ಲೇ ಎಳೆದು ಕೂರಿಸಬೇಕು. ಇಷ್ಟೆಲ್ಲಾ ತೋರಿಸೋದಕ್ಕಂತೆ! ತೋರಿಸೋಕೆ ಹಳೇದಿದೆ. ಹೊಸದಕ್ಕೆ ದುಡ್ಡು.

ಈಗ ವಾದಗಳಿಗೆ ಬರೋಣ. "ರೂಪಾಯಿ ಚಿಹ್ನೆಯೂ ಸ್ಪರ್ಧೆಯಲ್ಲೇ ಬಂದಿದ್ದಲ್ವಾ?" ಹೌದು. 2010ರಲ್ಲಿ ಉದಯ ಕುಮಾರ್ ಅವರ ವಿನ್ಯಾಸ ಆಯ್ಕೆಯಾಯ್ತು, ಎರಡೂವರೆ ಲಕ್ಷ ಬಹುಮಾನ. ಬಂದಿದ್ದು 3,000ಕ್ಕೂ ಹೆಚ್ಚು ವಿನ್ಯಾಸ. ಬೆರಳೆಣಿಕೆಯ ಫೈನಲಿಸ್ಟ್‌ಗಳನ್ನ ಬಿಟ್ರೆ ಉಳಿದವರಿಗೆ ಏನು ಸಿಕ್ತು? ಅದಾದ್ರೂ ದೇಶದ ಹಣದ ಗುರುತು, ನಿಯಮ ಮೊದಲೇ ಹೇಳಿದ್ರು. ನಿಮ್ಮದು ಜ್ಯೂಸ್ ಡೆಲಿವರಿ ಆಪ್.

"ಮೂರು ಆಪ್ಷನ್ ನೋಡದೆ ಹೇಗೆ ದುಡ್ಡು ಕೊಡೋದು?" 1986ರಲ್ಲಿ ಸ್ಟೀವ್ ಜಾಬ್ಸ್ ತಮ್ಮ ನೆಕ್ಸ್ಟ್ ಕಂಪ್ಯೂಟರ್ ಕಂಪನಿಗೆ ಹೆಸರಾಂತ ಲೋಗೋ ಡಿಸೈನರ್ ಪಾಲ್ ರ‍್ಯಾಂಡ್ ಹತ್ರ ಲೋಗೋ ಮಾಡಿಸಿದ್ರು. ಒಂದು ಲಕ್ಷ ಡಾಲರ್. ಆಪ್ಷನ್ ಕೊಡಲ್ಲ, ಒಂದೇ ಕೊಡ್ತೀನಿ, ಬಳಸೋದು ಬಿಡೋದು ನಿಮ್ಮಿಷ್ಟ, ದುಡ್ಡು ಮಾತ್ರ ಕೊಡಬೇಕು ಅಂದ್ರು ರ‍್ಯಾಂಡ್. ಜಾಬ್ಸ್ ಒಪ್ಪಿದ್ರು. ನಿಮಗೇನು ಕಷ್ಟ?

"ಎಐನಲ್ಲಿ ನಿಮಿಷದಲ್ಲಿ ಬರುತ್ತೆ." ಹಾಗಾದ್ರೆ ಅಲ್ಲೇ ಮಾಡ್ಕೊಳ್ಳಿ, ನಮಗ್ಯಾಕೆ ಫೋನು?

ಡಿಸೈನರ್‌ಗಳೇ, ಇದು ನಿಮಗೆ. ಟಾಸ್ಕ್ ಬಂದ್ರೆ ಹೀಗೆ ಉತ್ತರ ಬರೀರಿ: "ನನ್ನ ಹಿಂದಿನ ಕೆಲಸ ಲಗತ್ತಿಸಿದ್ದೇನೆ. ಅದರ ಬಗ್ಗೆ ಅರ್ಧ ಗಂಟೆ ಮಾತಾಡಲು ಸಿದ್ಧ. ಹೊಸ ಟಾಸ್ಕ್ ಬೇಕಿದ್ದರೆ ನನ್ನ ಒಂದು ದಿನದ ದರ ಇಷ್ಟು." ಫ್ರೀಲ್ಯಾನ್ಸ್ ಆದ್ರೆ ಅರ್ಧ ಅಡ್ವಾನ್ಸ್, ಎರಡು ಸುತ್ತು ತಿದ್ದುಪಡಿ, ಕೊನೇ ಕಂತು ಬಂದ ಮೇಲೇ ತಿದ್ದೋಕೆ ಬರೋ ಮೂಲ ಫೈಲ್, ಅಂದ್ರೆ ಸೋರ್ಸ್ ಫೈಲ್. ಅಲ್ಲಿತನಕ ಸ್ಕ್ರೀನ್ ಶೇರ್ ಮಾಡಿ ತೋರಿಸಿ, ಫೈಲ್ ಕೈಗೆ ಕೊಡಬೇಡಿ.

ಕಾನೂನೂ ನಿಮ್ಮ ಕಡೆಗಿದೆ. ನೀವು ಅವರ ಸಂಬಳದ ನೌಕರ ಅಲ್ಲದಿದ್ರೆ, 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ನೀವು ಮಾಡಿದ ಲೋಗೋದ ಹಕ್ಕು ಮೊದಲು ನಿಮ್ಮದೇ. ಬರವಣಿಗೆಯಲ್ಲಿ ಸಹಿ ಹಾಕಿ ಕೊಡೋತನಕ ಅದು ಅವರದ್ದಾಗಲ್ಲ. ಸಣ್ಣ ಉದ್ದಿಮೆಗಳಿಗೆ ಸರ್ಕಾರ ಮಾಡೋ ಉದ್ಯಮ್ ನೋಂದಣಿ ಉಚಿತ, ಮೊದಲೇ ಮಾಡಿಸ್ಕೊಳ್ಳಿ. ಆಮೇಲೆ ಕೆಲಸ ಒಪ್ಪಿಕೊಂಡ ದಿನದಿಂದ ಬಿಲ್ಲನ್ನ ಅವರು 45 ದಿನ ಮೀರಿಸೋಹಾಗಿಲ್ಲ, ಲಿಖಿತ ಒಪ್ಪಂದ ಇಲ್ಲದಿದ್ರೆ 15 ದಿನವೇ. ಮೀರಿದ್ರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ. ಆದ್ರೆ ಬಿಟ್ಟಿ ಸ್ಯಾಂಪಲ್‌ಗೆ ಬಿಲ್ಲೇ ಇರಲ್ಲ, ಬಡ್ಡಿ ಎಲ್ಲಿಂದ ಬರಬೇಕು? ಅದಕ್ಕೇ ಹೇಳ್ತಿರೋದು, ಮಾಡಬೇಡಿ! ಆ ಉತ್ತರದ ಮೇಲ್, ಕೊಟೇಷನ್, ಇನ್‌ವಾಯ್ಸ್ ಮೂರರ ಕನ್ನಡ ಮಾದರಿ ಡಿಸ್ಕ್ರಿಪ್ಷನ್‌ನಲ್ಲಿ ಹಾಕಿದ್ದೀನಿ. ಸಬ್‌ಸ್ಕ್ರೈಬ್ ಆಗದಿರೋರು ಈಗಲೇ ಆಗಿ.

"ನಾನು ಮಾಡಲ್ಲ ಅಂದ್ರೆ ಬೇರೆಯವ್ರು ಮಾಡಿಕೊಡ್ತಾರೆ" ಅಂತ ಈಗ ಯಾರೋ ಟೈಪ್ ಮಾಡ್ತಿದ್ದೀರಿ. ಮಾಡಿಕೊಡ್ಲಿ! ಮೊದಲ ದಿನವೇ ಬಿಟ್ಟಿ ದುಡಿಸ್ಕೊಂಡೋರು ಮೂರನೇ ತಿಂಗಳು ಸರಿಯಾಗಿ ಕೊಡ್ತಾರಾ? ಕೊಡಲ್ಲ. ಬೇಡ ಅನ್ನಿ. ಮತ್ತೆ ಕೇಳಿದ್ರೆ ಮತ್ತೆ ಬೇಡ ಅನ್ನಿ. ನಿಮಗೆ ಬಂದಿರೋ ಟಾಸ್ಕ್‌ಗಳನ್ನ ಕಂಪನಿ ಹೆಸರು ತೆಗೆದು ಕೆಳಗೆ ಹಾಕಿ, ಎಷ್ಟು ಗಂಟೆ ಹಿಡೀತು ಅಂತಲೂ ಬರೀರಿ. ಮುಂದಿನ ವಾರ ಒಂದೊಂದನ್ನೇ ತಗೊಂಡು, ಅದಕ್ಕೆ ಎಷ್ಟು ಬಿಲ್ ಮಾಡಬೇಕಿತ್ತು ಅಂತ ಇಲ್ಲೇ ಲೆಕ್ಕ ಹಾಕೋಣ.